ಪುಕ್ಕಟೆ ಕಾವಲುಗಾರನಿಗೆ ಆಯ ಕೊಟ್ಟವರು ಯಾರು?

ಹಿಂದೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಊರ ಕಾವಲು ಪುಕ್ಕಟೆಯಾಗಿ ನಡೆಯುತ್ತಿರಲಿಲ್ಲ. ಹನ್ನೆರಡು ಮಂದಿ ಆಯಗಾರರಲ್ಲಿ ತಳವಾರನೂ ಒಬ್ಬ. ಸುಗ್ಗಿಯಲ್ಲಿ ರಾಶಿ ಮಾಡಿದ ಮೇಲೆ ಕಾಳು ಮನೆ ಸೇರುವ ಮೊದಲೇ ಕಣದಲ್ಲಿ ಅವನ ಪಾಲು ಅಳೆದು ಕೊಡಬೇಕಿತ್ತು. ಕೆಲವು ಊರುಗಳಲ್ಲಿ ಅವನಿಗೆ ಇನಾಂ ಹೊಲವೂ ಇರುತ್ತಿತ್ತು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ಮುಂದೆ 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ ಪ್ರಸಿದ್ಧ 'ಐದನೇ ವರದಿ'ಯು ದಕ್ಷಿಣದ ಹಳ್ಳಿಯ ನೌಕರರನ್ನು ಪಟ್ಟಿ ಮಾಡುವಾಗ ತಳವಾರನ ಕೆಲಸವನ್ನೂ ಹೇಳುತ್ತದೆ. ಅಪರಾಧಗಳ ಸುದ್ದಿ ತಿಳಿದುಕೊಳ್ಳುವುದು, ಊರಿಂದೂರಿಗೆ ಹೋಗುವವರನ್ನು ಜೋಪಾನವಾಗಿ ತಲುಪಿಸುವುದು ಅವನ ಕೆಲಸ.

ಆ ವ್ಯವಸ್ಥೆ ಸ್ವರ್ಗವೇನೂ ಆಗಿರಲಿಲ್ಲ. ಹುಟ್ಟಿನಿಂದಲೇ ಕೆಲಸ ಗಂಟುಬೀಳುವ ಅನ್ಯಾಯ ಅದರೊಳಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ವಂಶಪಾರಂಪರ್ಯವನ್ನು ತೆಗೆದುಹಾಕಿದ್ದು ಸರಿಯಾಗಿಯೇ ಇತ್ತು. ಆದರೆ ಅದರಲ್ಲಿ ಒಂದು ಲೆಕ್ಕ ಮಾತ್ರ ಸ್ಪಷ್ಟವಾಗಿತ್ತು. ಕಾವಲುಗಾರನಿಗೆ ಊರಿನ ಒಳಗುಟ್ಟೆಲ್ಲ ಗೊತ್ತಿರುತ್ತದೆ. ಯಾರ ಮನೆಗೆ ಯಾರು ಬಂದರು, ರಾತ್ರಿ ಎಷ್ಟು ಹೊತ್ತಿಗೆ ಹೋದರು ಎಂಬುದು ಅವನ ಕಣ್ಣು ತಪ್ಪಿಸುವುದಿಲ್ಲ. ಆದ್ದರಿಂದ ಅವನ ಹೊಟ್ಟೆಗೆ ಊರೇ ಹಾಕಬೇಕು, ಬೇರೆಯವರು ಹಾಕಬಾರದು.

ಇಂದು ಸಿರಿಗೇರಿಯಂಥ ಊರಿನ ಮನೆಯಲ್ಲೂ ಕಂಪ್ಯೂಟರೋ ಲ್ಯಾಪ್‌ಟಾಪೋ ಇರುವುದು ಸೋಜಿಗದ ಸಂಗತಿಯಲ್ಲ. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಬ್ಯಾಂಕಿನ ಪಾಸ್‌ವರ್ಡು, ಆಧಾರ್ ಕಾರ್ಡಿನ ನಕಲು, ಮದುವೆಯ ಫೋಟೋಗಳು ಎಲ್ಲವೂ ಅದರೊಳಗೇ ಇರುತ್ತವೆ. ಅದಕ್ಕೊಬ್ಬ ಕಾವಲುಗಾರ ಬೇಕು. ಆ್ಯಂಟಿವೈರಸ್ ತಂತ್ರಾಂಶ ಮಾಡುವುದು ಆ ಕೆಲಸವನ್ನೇ. ಪುಕ್ಕಟೆ ಸಿಗುವ ತಂತ್ರಾಂಶಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳದವರಿಲ್ಲ. ಈ ಪ್ರಶ್ನೆಗೆ ಒಂದು ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಪುಕ್ಕಟೆ ಕಾವಲಿನ ನಲವತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಎಂದು ತಿಳಿಯುತ್ತದೆ: ಈ ಕಾವಲುಗಾರನಿಗೆ ಆಯ ಕೊಡುತ್ತಿರುವವರು ಯಾರು?

ಲಾಹೋರಿನ ಅಣ್ಣತಮ್ಮಂದಿರು

ತನ್ನನ್ನು ತಾನೇ ನಕಲು ಮಾಡಿಕೊಳ್ಳುವ ಯಂತ್ರದ ಕಲ್ಪನೆ ಹಳೆಯದು. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಅದನ್ನು ಕಂಪ್ಯೂಟರ್ ಯುಗದ ಆರಂಭದಲ್ಲೇ ಚಿಂತಿಸಿದ್ದರು. 1983ರಲ್ಲಿ ಅಮೆರಿಕದ ಫ್ರೆಡ್ ಕೋಹೆನ್ ಎಂಬ ವಿದ್ಯಾರ್ಥಿ ಇಂಥ ತಂತ್ರಾಂಶವೊಂದನ್ನು ಬರೆದು ತೋರಿಸಿದರು. ಅದಕ್ಕೆ 'ವೈರಸ್' ಎಂಬ ಹೆಸರು ಸೂಚಿಸಿದವರು ಅವರ ಗುರು ಲಿಯೊನಾರ್ಡ್ ಏಡಲ್‌ಮನ್. ಆದರೆ ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರ್‌ಗಳಲ್ಲಿ ಲೋಕವೆಲ್ಲ ಹರಡಿದ ಮೊದಲ ವೈರಸ್ಸು ಹುಟ್ಟಿದ್ದು ನಮ್ಮ ಉಪಖಂಡದಲ್ಲೇ, 1986ರಲ್ಲಿ, ಲಾಹೋರಿನಲ್ಲಿ.

ಬಾಸಿತ್ ಫಾರೂಕ್ ಅಲ್ವಿ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಅಲ್ಲಿ 'ಬ್ರೈನ್' ಎಂಬ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದರು. ತಾವು ಬರೆದ ವೈದ್ಯಕೀಯ ತಂತ್ರಾಂಶವನ್ನು ಜನ ಕಳ್ಳ ನಕಲು ಮಾಡಿಕೊಳ್ಳುತ್ತಿದ್ದಾರೆಂದು, ಅದನ್ನು ಪತ್ತೆಹಚ್ಚಲು ಈ ಉಪಾಯ ಹೂಡಿದೆವು ಎಂಬುದು ಅವರೇ ಕೊಟ್ಟ ವಿವರಣೆ. ಫ್ಲಾಪಿಯ ಮೊದಲ ಭಾಗದಲ್ಲಿ ಕುಳಿತುಕೊಳ್ಳುತ್ತಿದ್ದ ಆ ವೈರಸ್ಸಿನೊಳಗೆ ಅವರ ಹೆಸರು, ಅಂಗಡಿಯ ವಿಳಾಸ, ಟೆಲಿಫೋನ್ ನಂಬರು ಎಲ್ಲವೂ ಇದ್ದವು. ಲಸಿಕೆ ಬೇಕಾದವರು ತಮ್ಮನ್ನು ಸಂಪರ್ಕಿಸಬೇಕು ಎಂಬ ಸೂಚನೆಯೂ ಇತ್ತು. ಅಮೆರಿಕದಿಂದ, ಇಂಗ್ಲೆಂಡಿನಿಂದ ಫೋನುಗಳು ಬರತೊಡಗಿದಾಗ ಅವರೇ ಕಂಗಾಲಾದರು. 2011ರಲ್ಲಿ ಫಿನ್ಲೆಂಡಿನ ತಜ್ಞ ಮಿಕ್ಕೊ ಹೈಪೊನೆನ್ ಅದೇ ವಿಳಾಸ ಹಿಡಿದು ಹೋದಾಗ ಅಣ್ಣತಮ್ಮಂದಿರು ಅಲ್ಲಿಯೇ ಇದ್ದರು. ಅಷ್ಟರಲ್ಲಿ ಅವರದು ಇಂಟರ್ನೆಟ್ ಸೇವೆ ಕೊಡುವ ದೊಡ್ಡ ಕಂಪನಿಯಾಗಿತ್ತು.

ರೋಗ ಮತ್ತು ಲಸಿಕೆ ಎರಡೂ ಒಂದೇ ವಿಳಾಸದಲ್ಲಿ ಸಿಗುತ್ತಿದ್ದ ಈ ಪ್ರಸಂಗವನ್ನು ಓದಿದಾಗ ನಗು ಬರುತ್ತದೆ. ಆದರೆ ಮುಂದಿನ ಕಥೆಗೆ ಇದೇ ಬೀಜ. ಬ್ರೈನ್ ವೈರಸ್ಸಿನ ಸುದ್ದಿ ತಿಳಿದ ಜಾನ್ ಮೆಕಾಫಿ ಎಂಬ ಅಮೆರಿಕದ ಇಂಜಿನಿಯರ್ 1987ರಲ್ಲಿ ತನ್ನ ಹೆಸರಿನ ಕಂಪನಿ ತೆರೆದ. ಅವನು ತನ್ನ ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟು ಮಾರಲಿಲ್ಲ. ಟೆಲಿಫೋನ್ ತಂತಿಯ ಮೂಲಕ ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟ. ಮನೆಯವರು ಬಳಸಿ ಮೆಚ್ಚಿಕೊಂಡರು. ಅವರೇ ಮರುದಿನ ಕಚೇರಿಗೆ ಹೋಗಿ ಅಲ್ಲಿಯೂ ಬೇಕೆಂದರು. ಕಚೇರಿಗಳು ದುಡ್ಡು ಕೊಟ್ಟವು. ಮನೆಗೆ ಪುಕ್ಕಟೆ, ಕಂಪನಿಗೆ ಕಾಸು ಎಂಬ ಪದ್ಧತಿ ಹೀಗೆ ಬೇರುಬಿಟ್ಟಿತು.

ಪ್ರಾಗ್, ಬ್ರನೋ, ಟೆಟ್ನಾಂಗ್

ಮುಂದೆ ನಮ್ಮ ಮನೆಗಳ ಕಂಪ್ಯೂಟರ್‌ಗಳಲ್ಲಿ ಕುಳಿತ ಪುಕ್ಕಟೆ ತಂತ್ರಾಂಶಗಳು ಅಮೆರಿಕದವಲ್ಲ, ಮಧ್ಯ ಯುರೋಪಿನವು. 1988ರಲ್ಲಿ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಪ್ರಾಗ್ ನಗರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಾವೆಲ್ ಬೌಡಿಶ್ ಎಂಬುವರ ಕೈಗೆ 'ವಿಯೆನ್ನಾ' ಎಂಬ ವೈರಸ್ ಇದ್ದ ಫ್ಲಾಪಿ ಬಂತು. ಅದನ್ನು ತೆಗೆಯಲು ಅವರು ಒಂದು ಪುಟ್ಟ ತಂತ್ರಾಂಶ ಬರೆದರು. ಸಹೋದ್ಯೋಗಿ ಎಡುವಾರ್ಡ್ ಕುಚೇರಾ ಜೊತೆ ಸೇರಿ ಸಹಕಾರಿ ಸಂಘವೊಂದನ್ನು ಕಟ್ಟಿದರು. ಅದೇ ಮುಂದೆ 'ಅವಾಸ್ಟ್' ಆಯಿತು. ಅದೇ ದೇಶದ ಬ್ರನೋ ನಗರದಲ್ಲಿ 1991ರಲ್ಲಿ ಗ್ರಿಸಾಫ್ಟ್ ಎಂಬ ಕಂಪನಿ ಹುಟ್ಟಿತು. ನಾವೆಲ್ಲ 'ಎವಿಜಿ' ಎಂದು ಕರೆದ ತಂತ್ರಾಂಶ ಅವರದು. ಜರ್ಮನಿಯ ಟೆಟ್ನಾಂಗ್ ಎಂಬ ಸಣ್ಣ ಊರಿನಲ್ಲಿ 1986ರಲ್ಲಿ ಶುರುವಾದ ಕಂಪನಿಯ ತಂತ್ರಾಂಶವೇ ಕೆಂಪು ಛತ್ರಿಯ ಗುರುತಿನ 'ಅವಿರಾ'. 2000ದ ಆಸುಪಾಸಿನಲ್ಲಿ ಎವಿಜಿ, 2001ರಲ್ಲಿ ಅವಾಸ್ಟ್ ಮನೆ ಬಳಕೆಗೆ ಪುಕ್ಕಟೆಯಾದವು. ಅವಿರಾ ಕೂಡ ಅದೇ ಸಾಲಿನಲ್ಲಿ ನಿಂತಿತು.

ಈ ಸಣ್ಣ ಕಂಪನಿಗಳ ಕೈಯಲ್ಲಿ ಜಾಹೀರಾತಿಗೆ ಹಣವಿರಲಿಲ್ಲ. ಅಮೆರಿಕದ ದೊಡ್ಡ ಕಂಪನಿಗಳ ಮುಂದೆ ಅಂಗಡಿ ಹಾಕುವುದು ಸಾಧ್ಯವಿರಲಿಲ್ಲ. ತಂತ್ರಾಂಶದ ಇನ್ನೊಂದು ಪ್ರತಿ ತೆಗೆಯಲು ಖರ್ಚೂ ಇಲ್ಲ. ಆದ್ದರಿಂದ ಅವರು ಪುಕ್ಕಟೆ ಹಂಚಿ ಹೆಸರು ಗಳಿಸಿದರು. ಇನ್ನೊಂದು ಲಾಭವೂ ಇತ್ತು. ವೈರಸ್ ಹಿಡಿಯುವ ಕ್ರಮ ಮೂಲತಃ ಪೊಲೀಸರ ಬೆರಳಚ್ಚಿನ ಕ್ರಮವೇ. ಒಮ್ಮೆ ಸಿಕ್ಕ ವೈರಸ್ಸಿನ ಗುರುತನ್ನು ದಾಖಲೆ ಮಾಡಿಟ್ಟುಕೊಂಡು, ಬರುವ ಪ್ರತಿ ಫೈಲನ್ನೂ ಅದರೊಂದಿಗೆ ಹೋಲಿಸಿ ನೋಡುವುದು. ಹೊಸ ಕಳ್ಳ ಯಾವ ಊರಲ್ಲಿ ಕಾಣಿಸಿಕೊಂಡ ಎಂದು ಬೇಗ ತಿಳಿಯಬೇಕಾದರೆ ಎಲ್ಲ ಊರುಗಳಲ್ಲೂ ಕಣ್ಣುಗಳಿರಬೇಕು. ಪುಕ್ಕಟೆ ಬಳಸುವ ಕೋಟ್ಯಂತರ ಜನರ ಕಂಪ್ಯೂಟರ್‌ಗಳೇ ಆ ಕಣ್ಣುಗಳಾದವು. ಅಂದರೆ ಆಗಲೂ ಬಳಕೆದಾರ ಏನೋ ಒಂದನ್ನು ಕೊಡುತ್ತಲೇ ಇದ್ದ. ಆದರೆ ಅವನು ಕೊಟ್ಟಿದ್ದು ಕಾವಲಿನ ಕೆಲಸಕ್ಕೇ ಬಳಕೆಯಾಗುತ್ತಿತ್ತು.

ಅದೇ ಕಾಲದಲ್ಲಿ ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಅಂಗಡಿ ಇಟ್ಟಿದ್ದ ಕೈಲಾಶ್ ಕಾಟ್ಕರ್, ತಮ್ಮ ಸಂಜಯ್ ಬರೆದ ತಂತ್ರಾಂಶವನ್ನು 'ಕ್ವಿಕ್ ಹೀಲ್' ಎಂಬ ಹೆಸರಿನಲ್ಲಿ 1995ರಲ್ಲಿ ಮಾರಾಟಕ್ಕೆ ತಂದರು. ಅದು ಪುಕ್ಕಟೆಯಲ್ಲ, ಕಾಸು ಕೊಟ್ಟು ಕೊಳ್ಳುವಂಥದು. ಚೆನ್ನೈಯಿಂದ 'ಕೆ7' ಬಂತು. ಇವರ ಆಯವನ್ನು ಕೊಳ್ಳುವವರೇ ನೇರವಾಗಿ ಕೊಡುತ್ತಿದ್ದರು.

ಕಳ್ಳ ವಿಂಡೋಸ್ ಮತ್ತು ಪೆನ್ ಡ್ರೈವ್

1999ರ ಏಪ್ರಿಲ್ 26ರಂದು ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ 'ಸಿಐಎಚ್' ಎಂಬ ವೈರಸ್ ಏಷ್ಯಾದಲ್ಲೆಲ್ಲ ಕಂಪ್ಯೂಟರ್‌ಗಳನ್ನು ಕೆಡವಿತು. ಚೆರ್ನೋಬಿಲ್ ದುರಂತದ ದಿನವೇ ಅದು ಎರಗಿದ್ದರಿಂದ ಜನ ಅದನ್ನು ಚೆರ್ನೋಬಿಲ್ ವೈರಸ್ ಎಂದೂ ಕರೆದರು. ಭಾರತದಲ್ಲೂ ಹಾನಿ ಕಡಿಮೆಯಾಗಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ಪ್ರೇಮಪತ್ರದ ವೇಷದಲ್ಲಿ ಇಮೇಲ್ ಮೂಲಕ ಜಗತ್ತು ಸುತ್ತಿತು. ಅದನ್ನು ಬರೆದವನನ್ನು ಶಿಕ್ಷಿಸಲು ಆ ದೇಶದಲ್ಲಿ ಕಾನೂನೇ ಇರಲಿಲ್ಲ. ಭಾರತದಲ್ಲಿ ಅದೇ 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದು ಅಕ್ಟೋಬರ್ 17ರಿಂದ ಜಾರಿಯಾಯಿತು. ಅನುಮತಿಯಿಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ವೈರಸ್ ಬಿಡುವುದನ್ನು ಅದರ 43ನೇ ಕಲಂ ಹೆಸರು ಹಿಡಿದೇ ಹೇಳಿತು. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ತೆರೆಯಿತು.

ಆದರೆ ಕಾನೂನು, ಠಾಣೆಗಳು ಬೆಂಗಳೂರಿನಲ್ಲಿದ್ದವು. ಜಿಲ್ಲೆಯ ಊರುಗಳ ಸ್ಥಿತಿ ಬೇರೆಯಿತ್ತು. ಆ ದಿನಗಳಲ್ಲಿ ಬಿಡಿಭಾಗ ಜೋಡಿಸಿ ಕೊಡುವ ಕಂಪ್ಯೂಟರಿಗೆ ವಿಂಡೋಸ್ ಹಾಕಿಕೊಡುವುದೆಂದರೆ ಸಾಮಾನ್ಯವಾಗಿ ಕಳ್ಳ ಪ್ರತಿಯನ್ನು ಹಾಕಿಕೊಡುವುದೇ ಆಗಿತ್ತು. ಅಸಲಿ ವಿಂಡೋಸಿನ ಬೆಲೆ ಒಬ್ಬ ಗುಮಾಸ್ತನ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿದ್ದಾಗ ಬೇರೆ ದಾರಿ ಯಾರಿಗೂ ತೋಚಲಿಲ್ಲ. ನಕಲಿ ಎಂದು ಸಿಕ್ಕಿಬೀಳುವ ಭಯಕ್ಕೆ, ಮೈಕ್ರೋಸಾಫ್ಟ್ ಕಳಿಸುವ ತೇಪೆಗಳು ಅಂದರೆ ಅಪ್‌ಡೇಟ್‌ಗಳು ಬಾರದಂತೆ ಹಾಕಿಕೊಡುವವನೇ ಬಾಗಿಲು ಮುಚ್ಚಿ ಹೋಗುತ್ತಿದ್ದ. ಗೋಡೆಯಲ್ಲಿ ಬಿರುಕು, ಬಿರುಕು ಮುಚ್ಚುವ ಗಾರೆಯವನಿಗೆ ಪ್ರವೇಶವಿಲ್ಲ. ಹೀಗಾಗಿ ಬಾಗಿಲಲ್ಲಿ ಪುಕ್ಕಟೆ ಕಾವಲುಗಾರನನ್ನು ನಿಲ್ಲಿಸುವುದೊಂದೇ ಉಪಾಯವಾಗಿ ಉಳಿಯಿತು. ಎವಿಜಿ, ಅವಾಸ್ಟ್‌ಗಳು ನಮ್ಮ ಊರುಗಳಲ್ಲಿ ಅಷ್ಟು ಬೇಗ ಮನೆಮಾತಾದದ್ದು ಇದೇ ಕಾರಣಕ್ಕೆ. 'ಡಿಜಿಟ್' ನಂಥ ಕಂಪ್ಯೂಟರ್ ಪತ್ರಿಕೆಗಳು ಪುಕ್ಕಟೆ ತಂತ್ರಾಂಶಗಳ ಸಿಡಿಯನ್ನು ಸಂಚಿಕೆಯ ಜೊತೆಗೇ ಕೊಡುತ್ತಿದ್ದವು. ಡಯಲ್-ಅಪ್ ಸಂಪರ್ಕದಲ್ಲಿ ಇಷ್ಟು ದೊಡ್ಡ ಫೈಲ್ ಇಳಿಸಿಕೊಳ್ಳುವುದು ಇಡೀ ರಾತ್ರಿಯ ಕೆಲಸವಾಗಿದ್ದಾಗ ಆ ಸಿಡಿಗಳಿಗೆ ಬೆಲೆ ಇತ್ತು.

ಆಮೇಲೆ ಪೆನ್ ಡ್ರೈವ್ ಬಂತು. ಸ್ಟುಡಿಯೋದಿಂದ ಫೋಟೋ, ಡಿಟಿಪಿ ಅಂಗಡಿಯಿಂದ ಲಗ್ನಪತ್ರಿಕೆ, ಕಾಲೇಜಿನಿಂದ ಪ್ರಾಜೆಕ್ಟ್ ರಿಪೋರ್ಟು ಎಲ್ಲವೂ ಅದರಲ್ಲೇ ಓಡಾಡಿದವು. ಚುಚ್ಚಿದ ಕೂಡಲೇ ತಾನಾಗಿ ತೆರೆದುಕೊಳ್ಳುವ 'ಆಟೋರನ್' ಎಂಬ ಸೌಕರ್ಯ ವಿಂಡೋಸಿನಲ್ಲಿತ್ತು. ವೈರಸ್ ಬರೆಯುವವರು ಅದನ್ನೇ ಹಾಸುಗಲ್ಲು ಮಾಡಿಕೊಂಡರು. 2008ರ ಕೊನೆಯಲ್ಲಿ ಬಂದ 'ಕಾನ್‌ಫಿಕರ್' ಅದೇ ದಾರಿಯಲ್ಲೂ ಹರಡಿತು. ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಒಂದು ತಿಂಗಳ ಮೊದಲೇ ತೇಪೆ ಕೊಟ್ಟಿತ್ತು. ಹಚ್ಚಿಕೊಳ್ಳದವರ ಮನೆಯೇ ಹೋಯಿತು. ಹಳೆಯ ವಿಂಡೋಸ್‌ಗಳಲ್ಲಿ ಪೆನ್ ಡ್ರೈವಿನ ಆಟೋರನ್ ನಿಲ್ಲಿಸುವ ತೇಪೆ ಎಲ್ಲರಿಗೂ ತಾನಾಗಿ ಬಂದದ್ದು 2011ರ ಫೆಬ್ರವರಿಯಲ್ಲಿ.

ಎರಡು ಭಾಷೆಗಳ ನಡುವೆ ಬದುಕುವವರಿಗೆ ಇನ್ನೊಂದು ತೊಡಕಿತ್ತು. ಕನ್ನಡಕ್ಕೆ ಶೇಷಾದ್ರಿವಾಸು ಅವರ 'ಬರಹ' 1998ರಿಂದ ಬಹುಕಾಲ ಪುಕ್ಕಟೆಯಾಗಿಯೇ ಸಿಕ್ಕಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ರಾಜ್ಯ ಸರ್ಕಾರದ ಬೆಂಬಲದಿಂದ ಪುಕ್ಕಟೆಯಾಗಿ ಸಿಕ್ಕಿತು. ಆದರೆ ಉರ್ದುವಿನ ನಸ್ತಾಲೀಖ್ ಅಕ್ಷರಕ್ಕೆ ಬೇಕಾದ 'ಇನ್‌ಪೇಜ್' ದುಬಾರಿ. ಅದರ ಕಳ್ಳ ಪ್ರತಿಗಳು ಸಿಡಿಯಿಂದ ಸಿಡಿಗೆ ಹಬ್ಬಿದವು. ಕಳ್ಳ ಪ್ರತಿಯ ಬೀಗ ಒಡೆದವನು ಒಳಗೆ ಇನ್ನೇನು ಇಟ್ಟಿದ್ದಾನೆಂದು ಬಲ್ಲವರಾರು? ಅಸಲಿ ಇನ್‌ಪೇಜ್ ಕೂಡ ಸುರಕ್ಷಿತವಾಗಿರಲಿಲ್ಲ. ಅದರ ಫೈಲುಗಳೊಳಗೇ ದಾಳಿಯ ಸಂಕೇತವನ್ನು ಅಡಗಿಸಿ ಏಷ್ಯಾದ ಬ್ಯಾಂಕುಗಳಿಗೆ ಕಳಿಸಲಾಗುತ್ತಿದೆ ಎಂದು 2016ರ ನವೆಂಬರಿನಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕರು ತೋರಿಸಿದರು. ಭಾಷೆ ಸಣ್ಣದು, ನಮ್ಮನ್ನು ಯಾರು ಮುಟ್ಟುತ್ತಾರೆ ಎಂಬ ನೆಮ್ಮದಿಗೆ ಆಧಾರವಿಲ್ಲ.

ಕಾವಲುಗಾರನ ವೇಷದ ಕಳ್ಳರು

ಪುಕ್ಕಟೆ ಕಾವಲಿಗೆ ಜನ ಒಗ್ಗಿಕೊಂಡದ್ದನ್ನು ಕಂಡು ಕಳ್ಳರೇ ಖಾಕಿ ತೊಟ್ಟರು. ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ವೈರಸ್‌ಗಳಿವೆ, ಈ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ ಎಂದು ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಕೂಗುವ ಚೌಕಗಳು ಕಾಣಿಸಿಕೊಂಡವು. ಹಾಕಿಕೊಂಡರೆ ಇಲ್ಲದ ರೋಗವನ್ನು ತೋರಿಸಿ ಚಿಕಿತ್ಸೆಗೆ ದುಡ್ಡು ಕೇಳುತ್ತಿದ್ದವು. 'ವಿನ್‌ಫಿಕ್ಸರ್', 'ಎಕ್ಸ್‌ಪಿ ಆ್ಯಂಟಿವೈರಸ್' ಇಂಥ ಹೆಸರುಗಳು. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ವ್ಯವಹಾರದ ಹಿಂದಿದ್ದ ಕಂಪನಿಗಳ ಮೇಲೆ ದಾವೆ ಹೂಡಿತು. ದಾವೆ ಹೂಡಿದರೂ ದಂಧೆಯ ಬೇರು ಸಾಯಲಿಲ್ಲ, ಮಾತು ಬದಲಾಯಿತು ಅಷ್ಟೇ. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ ಎನ್ನುವ ಪರದೆ ಇಂದಿಗೂ ಬರುತ್ತದೆ. ಅಂಥ ಕರೆಗೆ ಮೋಸಹೋದವರಿಗಾಗಿ ಸರ್ಕಾರದ 1930 ಸಹಾಯವಾಣಿ ಇದೆ.

ಇಷ್ಟೆಲ್ಲ ನಡೆದ ಮೇಲೆ ಮನೆ ಕಟ್ಟಿಕೊಟ್ಟ ಮೇಸ್ತ್ರಿಗೇ ಜವಾಬ್ದಾರಿಯ ಅರಿವಾಯಿತು. ಮೈಕ್ರೋಸಾಫ್ಟ್ 2009ರ ಸೆಪ್ಟೆಂಬರಿನಲ್ಲಿ 'ಸೆಕ್ಯುರಿಟಿ ಎಸೆನ್ಷಿಯಲ್ಸ್' ಎಂಬ ಆ್ಯಂಟಿವೈರಸ್ಸನ್ನು ಪುಕ್ಕಟೆ ಕೊಟ್ಟಿತು. ಆದರೆ ಅಸಲಿ ವಿಂಡೋಸ್ ಇದ್ದವರಿಗೆ ಮಾತ್ರ. ಅದರ ಅಗತ್ಯ ಹೆಚ್ಚಾಗಿದ್ದ ಕಳ್ಳ ಪ್ರತಿಯ ಮನೆಗಳು ಹೊರಗೇ ಉಳಿದವು. 2012ರಲ್ಲಿ ವಿಂಡೋಸ್ 8 ಬಂದಾಗ 'ಡಿಫೆಂಡರ್' ಎಂಬ ಹೆಸರಿನಲ್ಲಿ ಕಾವಲುಗಾರ ಮನೆಯ ಜೊತೆಗೇ ಬಂದ. ಮೊದಮೊದಲು ಅವನು ಅಷ್ಟು ಚುರುಕಾಗಿರಲಿಲ್ಲ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಮೈಕ್ರೋಸಾಫ್ಟಿನ ಈ ತಂತ್ರಾಂಶಗಳು ಹಿಂದಿನ ಬೆಂಚಿನಲ್ಲಿ ಕುಳಿತ ವರ್ಷಗಳಿವೆ. ಆಮೇಲಿನ ವರ್ಷಗಳಲ್ಲಿ ಡಿಫೆಂಡರ್ ಕಾಸು ಕೊಟ್ಟು ಕೊಳ್ಳುವ ತಂತ್ರಾಂಶಗಳ ಸರಿಸಮ ನಿಂತು ಮೊದಲ ಸಾಲಿನ ಅಂಕಗಳನ್ನು ಪಡೆಯಿತು.

ಹೀಗೆ ಪುಕ್ಕಟೆ ಕಾವಲು ಮನೆಯೊಳಗೇ ಬಂದಾಗ ಹೊರಗಿನ ಪುಕ್ಕಟೆ ಕಾವಲುಗಾರರ ಹೊಟ್ಟೆಪಾಡು ಏನಾಗಬೇಕು? ಮುಂದಿನ ಪ್ರಕರಣವನ್ನು ಓದುವಾಗ ಈ ಪ್ರಶ್ನೆ ನೆನಪಿರಲಿ.

ಬೇಲಿ ಎದ್ದು ಹೊಲ ಮೇಯ್ದದ್ದು

ಅವಾಸ್ಟ್ ಕಂಪನಿಗೆ 'ಜಂಪ್‌ಶಾಟ್' ಎಂಬ ಅಂಗಸಂಸ್ಥೆಯೊಂದಿತ್ತು. 2020ರ ಜನವರಿಯಲ್ಲಿ ಅಮೆರಿಕದ ಎರಡು ಮಾಧ್ಯಮ ಸಂಸ್ಥೆಗಳ ಜಂಟಿ ತನಿಖೆ ಹೊರಬಂದಾಗ ಆ ಸಂಸ್ಥೆ ಮಾಡುತ್ತಿದ್ದ ಕೆಲಸ ಲೋಕಕ್ಕೆ ತಿಳಿಯಿತು. ಬಳಕೆದಾರರು ಯಾವ ಜಾಲತಾಣಕ್ಕೆ ಎಷ್ಟು ಹೊತ್ತಿಗೆ ಹೋದರು, ಅಲ್ಲಿ ಏನು ಹುಡುಕಿದರು ಎಂಬ ವಿವರಗಳನ್ನು ಕಾವಲಿಗೆಂದು ಕುಳಿತ ಅವಾಸ್ಟ್ ಸಂಗ್ರಹಿಸುತ್ತಿತ್ತು. ಜಂಪ್‌ಶಾಟ್ ಅದನ್ನು ಮಾರುತ್ತಿತ್ತು. ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ ಅವಾಸ್ಟ್ ಆ ಅಂಗಡಿಯನ್ನು ಮುಚ್ಚಿತು.

2024ರ ಫೆಬ್ರವರಿಯಲ್ಲಿ ಅಮೆರಿಕದ ಅದೇ ಫೆಡರಲ್ ಟ್ರೇಡ್ ಕಮಿಷನ್ ತನ್ನ ದೋಷಾರೋಪವನ್ನು ಪ್ರಕಟಿಸಿತು. 2014ರಿಂದ 2020ರವರೆಗೆ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಈ ಮಾಹಿತಿ ಮಾರಾಟವಾಗಿದೆ, ಹೆಸರು ತೆಗೆದಿದ್ದೇವೆ ಎಂದು ಹೇಳಿದರೂ ವ್ಯಕ್ತಿಗಳನ್ನು ಗುರುತಿಸಲು ಸಾಧ್ಯವಿತ್ತು ಎಂದು ಅದು ಹೇಳಿತು. ಅವಾಸ್ಟ್ ಒಂದು ಕೋಟಿ 65 ಲಕ್ಷ ಡಾಲರ್ ಕೊಡಬೇಕಾಯಿತು. ಜಾಹೀರಾತಿಗಾಗಿ ಇಂಥ ಮಾಹಿತಿಯನ್ನು ಮಾರುವುದನ್ನು ನಿಷೇಧಿಸಲಾಯಿತು. ಆ ಮಾಹಿತಿಯಿಂದ ಏನೇನು ತಿಳಿಯುತ್ತಿತ್ತು ಎಂದು ಕಮಿಷನ್ ಕೊಟ್ಟ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಜನರ ಆರೋಗ್ಯದ ಚಿಂತೆ, ಹಣಕಾಸಿನ ಸ್ಥಿತಿ, ರಾಜಕೀಯ ಒಲವು, ಇರುವ ಜಾಗ, ಧಾರ್ಮಿಕ ನಂಬಿಕೆ.

ಅಮಾನತ್ ಎಂಬ ಮಾತು ನಮ್ಮ ಮನೆಗಳಲ್ಲಿ ದಿನನಿತ್ಯದ ಮಾತು. ನಂಬಿಕೆಯಿಂದ ಒಪ್ಪಿಸಿದ ವಸ್ತುವಿಗೆ ಆ ಹೆಸರು. ಅದನ್ನು ಒಪ್ಪಿಸಿದವನ ಅರಿವಿಲ್ಲದೆ ಬಳಸಿಕೊಂಡರೆ ಅದು ಖಯಾನತ್. ಬಟ್ಟೆ ಅಂಗಡಿಯ ಮಾಲೀಕ ನನ್ನ ಬಗ್ಗೆ ತಿಳಿದದ್ದನ್ನು ಮಾರಿದರೆ ಅದು ಒಂದು ಬಗೆಯ ತಪ್ಪು. ಬಾಗಿಲ ಕೀಲಿಯನ್ನೇ ಕೊಟ್ಟು ನಿಲ್ಲಿಸಿದ ಕಾವಲುಗಾರ ಮಾರಿದರೆ ಅದರ ತೂಕವೇ ಬೇರೆ. ಆ್ಯಂಟಿವೈರಸ್ ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಪ್ರತಿ ಫೈಲನ್ನೂ ತೆರೆದು ನೋಡುವ ಹಕ್ಕನ್ನು ನಾವು ಅದಕ್ಕೆ ಕೊಟ್ಟಿರುತ್ತೇವೆ. ಬೇರೆ ಹೆಚ್ಚಿನ ತಂತ್ರಾಂಶಗಳಿಗೆ ಅಷ್ಟು ಹಕ್ಕು ಇರುವುದಿಲ್ಲ.

ಒಬ್ಬರು ಯಾವ ದೇವರನ್ನು ನಂಬುತ್ತಾರೆ ಎಂಬ ಮಾಹಿತಿ ಮಾರಿದರೆ ಏನಾದೀತು ಎಂದು ಕೇಳುವವರಿಗೆ ಇನ್ನೊಂದು ಪ್ರಕರಣವೂ ಗೊತ್ತಿರಬೇಕು. ನಮಾಜಿನ ವೇಳೆ, ಕಿಬ್ಲಾದ ದಿಕ್ಕು ತೋರಿಸುವ 'ಮುಸ್ಲಿಂ ಪ್ರೊ' ಎಂಬ ಪುಕ್ಕಟೆ ಆ್ಯಪ್ ಲೋಕದಾದ್ಯಂತ ಬಳಕೆಯಲ್ಲಿದೆ. ಬಳಕೆದಾರರು ಇರುವ ಜಾಗದ ವಿವರ ಅದರಿಂದ 'ಎಕ್ಸ್-ಮೋಡ್' ಎಂಬ ಸಂಸ್ಥೆಗೆ ಹೋಗುತ್ತಿತ್ತೆಂದೂ, ಆ ಸಂಸ್ಥೆಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರು ಇದ್ದರೆಂದೂ 2020ರ ನವೆಂಬರಿನಲ್ಲಿ ಪತ್ರಿಕಾ ವರದಿ ಬಂತು. ಆ್ಯಪಿನವರು ಆ ಸಂಸ್ಥೆಯೊಂದಿಗಿನ ಸಂಬಂಧ ಕಡಿದುಕೊಂಡರು. ಪುಕ್ಕಟೆಯ ಲೆಕ್ಕ ಎಲ್ಲಿ ಹೋಗಿ ಮುಟ್ಟಬಹುದು ಎಂಬುದಕ್ಕೆ ಇದು ನಿದರ್ಶನ.

ಹೆಸರು ಮೂರು, ಯಜಮಾನ ಒಬ್ಬ

2016ರಲ್ಲಿ ಅವಾಸ್ಟ್ ತನ್ನ ದೇಶದ ಪ್ರತಿಸ್ಪರ್ಧಿ ಎವಿಜಿಯನ್ನು 130 ಕೋಟಿ ಡಾಲರಿಗೆ ಕೊಂಡಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ನಾರ್ಟನ್ ಲೈಫ್‌ಲಾಕ್ ಕಂಪನಿ ಅವಿರಾವನ್ನು ಕೊಳ್ಳುವುದಾಗಿ ಪ್ರಕಟಿಸಿತು. 2022ರಲ್ಲಿ ಅವಾಸ್ಟ್ ಕೂಡ ಅದೇ ನಾರ್ಟನ್ ಕಂಪನಿಯೊಂದಿಗೆ ಸೇರಿತು, ಕೂಡಿದ ಕಂಪನಿಗೆ 'ಜೆನ್ ಡಿಜಿಟಲ್' ಎಂದು ಹೆಸರಾಯಿತು. ಅಂದರೆ ಎವಿಜಿ ಒಳ್ಳೆಯದೋ, ಅವಾಸ್ಟೋ, ಅವಿರಾವೋ ಎಂದು ಎರಡು ದಶಕಗಳ ಕಾಲ ಜನ ವಾದಿಸಿದ ಮೂರು ಹೆಸರುಗಳೂ ಈಗ ಒಂದೇ ಮನೆಯವು.

ಕಾವಲುಗಾರನ ದೇಶವೂ ವಿವಾದವಾಯಿತು. ರಷ್ಯಾದ ಕ್ಯಾಸ್ಪರ್‌ಸ್ಕಿ 2017ರಲ್ಲಿ ಪುಕ್ಕಟೆ ಆವೃತ್ತಿಯನ್ನು ಜಗತ್ತಿಗೆ ಬಿಟ್ಟಿತ್ತು. ರಷ್ಯಾ ಸರ್ಕಾರ ಅದನ್ನು ದುರುಪಯೋಗ ಮಾಡಿಕೊಳ್ಳಬಹುದೆಂದು ಅಮೆರಿಕ 2024ರಲ್ಲಿ ತನ್ನ ದೇಶದಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ಕಂಪನಿ ಆ ಆರೋಪವನ್ನು ಒಪ್ಪಲಿಲ್ಲ. ಆ ಜಗಳದ ನ್ಯಾಯ ಏನೇ ಇರಲಿ, ಇಂಥ ತಂತ್ರಾಂಶಕ್ಕೆ ನಾವು ಎಷ್ಟು ದೊಡ್ಡ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇವೆ ಎಂಬುದನ್ನು ಸರ್ಕಾರಗಳೇ ಒಪ್ಪಿಕೊಂಡಂತಾಯಿತು.

ಅರವಟ್ಟಿಗೆಯ ಪುಕ್ಕಟೆ

ಹಾಗಾದರೆ ಪುಕ್ಕಟೆಯದೆಲ್ಲ ಮೋಸವೇ? ಹಾಗೆ ಹೇಳಿದರೆ ಅನ್ಯಾಯ. ಬಳ್ಳಾರಿಯ ಬೇಸಿಗೆ ಬಲ್ಲವರಿಗೆ ಅರವಟ್ಟಿಗೆಯ ನೀರಿನ ಬೆಲೆ ಗೊತ್ತು. ಅದನ್ನೇ ಸಬೀಲ್ ಎಂದರೂ ಒಂದೇ. ಕುಡಿಯುವವನ ಜಾತಿ, ಹೆಸರು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಮಡಕೆ ತುಂಬಿಸಿದವರು ಯಾರೆಂದು ಎಲ್ಲರಿಗೂ ಕಾಣುತ್ತದೆ.

ತಂತ್ರಾಂಶ ಲೋಕದಲ್ಲೂ ಅಂಥ ಅರವಟ್ಟಿಗೆಗಳಿವೆ. ಪೋಲೆಂಡಿನ ತೊಮಾಶ್ ಕೊಯ್ಮ್ 2002ರಲ್ಲಿ ಶುರುಮಾಡಿದ 'ಕ್ಲ್ಯಾಮ್ಎವಿ' ಮುಕ್ತ ತಂತ್ರಾಂಶ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ನೋಡಬಹುದು. ಈಗ ಅದನ್ನು ಸಿಸ್ಕೊ ಕಂಪನಿ ನೋಡಿಕೊಳ್ಳುತ್ತದೆ. ಅದು ಮುಖ್ಯವಾಗಿ ಇಮೇಲ್ ಸರ್ವರ್‌ಗಳ ಕಾವಲಿಗೆ ಬಳಕೆಯಾಗುವಂಥದು. ಮನೆಯ ವಿಂಡೋಸ್ ಕಂಪ್ಯೂಟರಿಗೆ ಹಗಲೂ ರಾತ್ರಿ ಕಾಯುವ ಒಬ್ಬನೇ ಕಾವಲುಗಾರನಾಗಿ ಅದು ಸಾಲದು. ನಮ್ಮ ಕೇಂದ್ರ ಸರ್ಕಾರವೂ 2017ರ ಫೆಬ್ರವರಿಯಲ್ಲಿ 'ಸೈಬರ್ ಸ್ವಚ್ಛತಾ ಕೇಂದ್ರ'ವನ್ನು ತೆರೆಯಿತು. ಸೋಂಕು ತಗುಲಿದ ಕಂಪ್ಯೂಟರನ್ನು ತೊಳೆಯುವ ಉಪಕರಣಗಳನ್ನು ಭಾರತೀಯ ಆ್ಯಂಟಿವೈರಸ್ ಕಂಪನಿಗಳ ಜೊತೆ ಸೇರಿ ಅದು ಪುಕ್ಕಟೆ ಕೊಟ್ಟಿತು. ಸಿ-ಡ್ಯಾಕ್ ಸಂಸ್ಥೆ ರೂಪಿಸಿದ 'ಯುಎಸ್‌ಬಿ ಪ್ರತಿರೋಧ್' ಪೆನ್ ಡ್ರೈವಿನ ದಾರಿಯನ್ನು ಕಾಯಲೆಂದೇ ಮಾಡಿದ್ದು. ಇವುಗಳ ಆಯ ತೆರಿಗೆಯ ಹಣದಿಂದ ಬರುತ್ತದೆ. ಅಂದರೆ ಊರೇ ಕೊಡುತ್ತದೆ.

ಅದೇ 2017ರ ಮೇ 12ರಂದು 'ವಾನಾಕ್ರೈ' ಜಗತ್ತಿನ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕವು. ಆ ಬಿರುಕಿಗೂ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು. 2008ರ ಕಥೆಯೇ ಮತ್ತೆ ನಡೆಯಿತು. ಎರಡು ಸಲವೂ ಕಾವಲುಗಾರ ಯಾರು ಎಂಬುದಕ್ಕಿಂತ ಗೋಡೆಗೆ ಗಾರೆ ಹಚ್ಚಲಾಗಿತ್ತೇ ಎಂಬುದೇ ಮುಖ್ಯವಾಯಿತು.

ಮನೆಗೆ ಬೇಕಾದದ್ದು

ಈ ಚರಿತ್ರೆಯಿಂದ ಮನೆಯ ಯಜಮಾನ, ಯಜಮಾನಿಯರಿಗೆ ಸಿಗುವ ಪಾಠ ಕ್ಲಿಷ್ಟವಾದದ್ದೇನಲ್ಲ. ಅಸಲಿ ವಿಂಡೋಸ್ 11 ಇರುವವರಿಗೆ ಅದರೊಳಗಿನ ಡಿಫೆಂಡರ್ ಸಾಕು. ಅದರ ಆಯ ವಿಂಡೋಸಿನ ಬೆಲೆಯಲ್ಲೇ ಸೇರಿದೆ, ಅದನ್ನು ಕಂಪ್ಯೂಟರ್ ಕೊಂಡ ದಿನವೇ ನಾವು ಕೊಟ್ಟಾಗಿದೆ. ಅದು ಆರಿಹೋಗಿಲ್ಲ ಎಂದು ಆಗಾಗ ನೋಡಿಕೊಂಡರಾಯಿತು. ಬೇರೆ ಪುಕ್ಕಟೆ ತಂತ್ರಾಂಶವೇ ಬೇಕೆನ್ನುವವರು ಅದರ ಯಜಮಾನ ಯಾರು, ಅವನ ಆದಾಯ ಎಲ್ಲಿಂದ ಎಂದು ಮೊದಲು ವಿಚಾರಿಸಲಿ. ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಲಿ. ಹಾಕಿಕೊಳ್ಳುವಾಗ ಕೇಳುವ ಪ್ರಶ್ನೆಗಳಿಗೆ ಓದದೆ ಹೂಂ ಎನ್ನದೆ, ಮಾಹಿತಿ ಹಂಚಿಕೊಳ್ಳುವ ಗುರುತನ್ನು ತೆಗೆಯಲಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗಳ ಫಲಿತಾಂಶಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ, ಅವನ್ನು ನೋಡಲಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಹಾಕಬಾರದು. ಒಂದೇ ಅಂಗಳದಲ್ಲಿ ಇಬ್ಬರು ಕಾವಲುಗಾರರು ಕತ್ತಲಲ್ಲಿ ಒಬ್ಬರನ್ನೊಬ್ಬರು ಕಳ್ಳರೆಂದು ಹಿಡಿದುಕೊಂಡು ಮನೆಯನ್ನೇ ಮರೆಯುತ್ತಾರೆ.

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರ ಕಷ್ಟ ದೊಡ್ಡದು. ವಿಂಡೋಸ್ 10ಕ್ಕೆ ಸಾಮಾನ್ಯ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಹೆಚ್ಚುವರಿ ಗಡುವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಎಸೆಯುವ ಶಕ್ತಿ ಎಲ್ಲರಿಗೂ ಇಲ್ಲ. ಅಂಥವರಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ದಾರಿ ತೆರೆದಿದೆ. ಕನ್ನಡ, ಉರ್ದು ಎರಡನ್ನೂ ಈಗ ಯೂನಿಕೋಡಿನಲ್ಲಿ ಅದರ ಮೇಲೂ ಬರೆಯಬಹುದು. ಯಾವ ತಂತ್ರಾಂಶವಿದ್ದರೂ ಮುಖ್ಯವಾದ ಕಾಗದಪತ್ರ, ಫೋಟೋಗಳ ಒಂದು ನಕಲನ್ನು ಬೇರೆ ಡ್ರೈವಿಗೆ ಹಾಕಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಪೆಟ್ಟಿಗೆಯಲ್ಲಿಡಬೇಕು. ವಾನಾಕ್ರೈಯಂಥದು ಬಂದು ಬೀಗ ಹಾಕಿದ ದಿನ ಅದು ಒದಗಿಬರುತ್ತದೆ.

ಕಣದಲ್ಲಿ ಕಾಳು ಅಳೆದು ಕೊಡುತ್ತಿದ್ದ ಕಾಲದಲ್ಲಿ ಕಾವಲಿನ ಬೆಲೆ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಸೇರು ತಪ್ಪಿದರೆ ಜಗಳ, ಕಾವಲು ತಪ್ಪಿದರೂ ಜಗಳ. ಪುಕ್ಕಟೆ ತಂತ್ರಾಂಶದ ವ್ಯವಹಾರದಲ್ಲಿ ಅಳತೆಯ ಸೇರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಹಾಕಿಕೊಳ್ಳುವ ಮೊದಲೇ ಲೆಕ್ಕ ಕೇಳುವುದು ಮನೆಯವರ ಕೆಲಸ.